ಮೊದಲು ಬ್ರೇಕ್, ಆಮೇಲೆ ಟರ್ಬೊ

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾನು ಗ್ಯಾರೇಜಿನ ಷಟರ್ ಎತ್ತುವ ಹೊತ್ತಿಗಾಗಲೇ ಬಾಗಿಲಲ್ಲಿ ಒಂದು ಬಿಳಿ ಪೋಲೊ ಜಿಟಿ ನಿಂತಿತ್ತು. ರಾತ್ರಿಯೇ ಟೋಯಿಂಗ್ ಗಾಡಿಯವರು ತಂದು ಇಳಿಸಿ ಹೋಗಿದ್ದರು. ಬಾನೆಟ್ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ ಹುಡುಗ ಪಕ್ಕದ ಹಳ್ಳಿಯವನು. ಅವರಪ್ಪ ನಮ್ಮೂರ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಇಪ್ಪತ್ತು ವರ್ಷದಿಂದ ಗೂಡು ತರುವವರು. ‘ಅಣ್ಣಾ, ಒಂದು ಸಿಲಿಂಡರ್ ಹೊಡೀತಿಲ್ಲ. ಪಿಕಪ್ ಪೂರ್ತಿ ಹೋಗೈತೆ’ ಅಂದ.

ನಾಲ್ಕೂ ಪ್ಲಗ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮೊದಲೆರಡರ ಪಿಂಗಾಣಿ ಬಿಸ್ಕತ್ತಿನ ಬಣ್ಣಕ್ಕಿತ್ತು, ಚೆನ್ನಾಗಿ ಉರಿದ ಗುರುತು. ಮೂರನೆಯದನ್ನು ಟಾರ್ಚಿನ ಬೆಳಕಿಗೆ ಹಿಡಿದು ಹುಡುಗನ ಕೈಗೆ ಭೂತಗನ್ನಡಿ ಕೊಟ್ಟೆ. ಪಿಂಗಾಣಿಯ ಮೇಲೆ ಸಾಸಿವೆಗಿಂತ ಎಷ್ಟೋ ಸಣ್ಣದಾದ, ಮಿಣಮಿಣ ಹೊಳೆಯುವ ಬೆಳ್ಳಿ ಚುಕ್ಕೆಗಳು ಅಂಟಿಕೊಂಡಿದ್ದವು. ಉಗುರಲ್ಲಿ ಕೆರೆದರೂ ಉದುರಲಿಲ್ಲ. ‘ಏನಣ್ಣಾ ಇದು?’ ಅಂದ. ‘ನಿನ್ನ ಪಿಸ್ಟನ್ನು ಕಣಪ್ಪಾ’ ಅಂದೆ. ಕಂಪ್ರೆಷನ್ ಗೇಜ್ ಹಾಕಿದರೆ ಆ ಸಿಲಿಂಡರಿನಲ್ಲಿ ಮುಳ್ಳು ಅರ್ಧಕ್ಕೇ ನಿಂತಿತು.

ತಪ್ಪು ಗಾಡಿಯದಲ್ಲ. ಆ ಇಂಜಿನ್ 1,197 ಸಿಸಿಯದು. ಕಂಪನಿಯಿಂದ ಹೊರಬರುವಾಗ ಅದಕ್ಕೆ 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 9.7 ಸೆಕೆಂಡು ಎಂದು ಕಂಪನಿಯೇ ಹೇಳಿತ್ತು. 2013ರಲ್ಲಿ ಅದು ನಮ್ಮಲ್ಲಿಗೆ ಬಂದಾಗ ಅಷ್ಟು ಸಣ್ಣ ಇಂಜಿನ್ನಿನಲ್ಲಿ ಅಷ್ಟು ಓಟ ಕಂಡು ನಾನೂ ಬೆರಗಾಗಿದ್ದೆ. ಹುಡುಗ ಬೆಂಗಳೂರಿನ ಒಂದು ಅಂಗಡಿಯಲ್ಲಿ ಎರಡು ಸಲ ರೀಮ್ಯಾಪ್, ಅಂದರೆ ಇಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲು, ಮಾಡಿಸಿದ್ದ. ಎರಡನೇ ಸಲ ‘ಇನ್ನೂ ಸ್ವಲ್ಪ’ ಅಂತ ಕೇಳಿದ, ಅವರು ಕೊಟ್ಟರು. ಪ್ಲಗ್ ಬದಲಿಸಿರಲಿಲ್ಲ. ಟೈರು ನುಣ್ಣಗಾಗಿದ್ದವು. ಬ್ರೇಕ್ ಪ್ಯಾಡ್ ಸವೆದು ಕಬ್ಬಿಣ ಕಾಣಿಸುವುದಕ್ಕೆ ಬಂದಿತ್ತು.

ಇದನ್ನು ಓದಿ ನಾನು ಹುಡುಗರ ಈ ಹುಚ್ಚಿಗೆ ವಿರೋಧಿ ಅಂದುಕೊಳ್ಳಬೇಡಿ. ವಿಜಯಪುರದಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. (ದೇವನಹಳ್ಳಿ ತಾಲ್ಲೂಕಿನ ವಿಜಯಪುರ. 2014ರಲ್ಲಿ ಬಿಜಾಪುರದ ಹೆಸರು ಬದಲಾದ ಮೇಲೆ ನನ್ನ ಸ್ಪೇರ್ ಪಾರ್ಟ್ಸ್ ಎರಡು ಸಲ ಗೋಲಗುಂಬಜ್ ನೋಡಿಕೊಂಡು ಬಂದಿವೆ.) ಸಣ್ಣ ಕಾರಿನಿಂದ ದೊಡ್ಡ ಶಕ್ತಿ ತೆಗೆಯುವುದು ಒಳ್ಳೆಯ ವಿದ್ಯೆ ಎಂದೇ ನನ್ನ ನಂಬಿಕೆ. ಕೋಟಿ ರೂಪಾಯಿ ಕೊಟ್ಟು 500 ಅಶ್ವಶಕ್ತಿಯ ಗಾಡಿ ಕೊಳ್ಳುವುದಕ್ಕೆ ಹಣ ಇದ್ದರೆ ಸಾಕು. ಹತ್ತು ಲಕ್ಷದ ಗಾಡಿಯಲ್ಲಿ, ಮನೆಮಂದಿಯನ್ನು ತಿರುಪತಿಗೆ ಕರೆದುಕೊಂಡು ಹೋಗಿಬರುವ ಅದೇ ಗಾಡಿಯಲ್ಲಿ, ಮಲಗಿರುವ ಶಕ್ತಿಯನ್ನು ಎಬ್ಬಿಸುವುದಕ್ಕೆ ತಿಳಿವಳಿಕೆ ಬೇಕು. ನಮ್ಮ ಹುಡುಗರು ಆ ತಿಳಿವಳಿಕೆಯನ್ನು ಕಲಿಯಲಿ ಎಂಬುದೇ ನನ್ನ ಆಸೆ.

ವಿಷಯ ಗಾಳಿಯದು. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಗಾಳಿಯನ್ನು ಒತ್ತಿ ತುಂಬಿಸಬೇಕು. ಸೈಲೆನ್ಸರಿನಲ್ಲಿ ಸುಮ್ಮನೆ ಹೋಗುವ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿ ಒತ್ತುವ ಉಪಾಯವನ್ನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಪೇಟೆಂಟ್ ಮಾಡಿಸಿದ. ಇವತ್ತಿನ ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗುತ್ತದೆ. ಲ್ಯಾಪ್‌ಟಾಪ್ ಹಿಡಿದು ರೀಮ್ಯಾಪ್ ಮಾಡುವವರು ಮುಖ್ಯವಾಗಿ ಮಾಡುವುದು ಇಷ್ಟೇ: ಇನ್ನಷ್ಟು ಒತ್ತಡ ಕೇಳುತ್ತಾರೆ, ಅದಕ್ಕೆ ತಕ್ಕ ಪೆಟ್ರೋಲ್ ಕೊಡುತ್ತಾರೆ, ಕಿಡಿ ಹೊತ್ತುವ ಕ್ಷಣವನ್ನು ಸರಿಹೊಂದಿಸುತ್ತಾರೆ. ಕೇಳಿದ್ದು ಹೆಚ್ಚಾಯಿತೋ, ಕಿಡಿಯ ಬೆಂಕಿ ತಲುಪುವ ಮೊದಲೇ ಸಿಲಿಂಡರಿನ ಮೂಲೆಯ ಗಾಳಿ–ಪೆಟ್ರೋಲು ತಾನಾಗಿ ಸಿಡಿಯುತ್ತದೆ. ನಾಕಿಂಗ್ ಅನ್ನುವುದು ಅದನ್ನೇ. ಆ ಸಿಡಿತದ ಏಟಿಗೆ ಎದ್ದ ಲೋಹದ ಹನಿಗಳೇ ಹುಡುಗ ಭೂತಗನ್ನಡಿಯಲ್ಲಿ ನೋಡಿದ ಚುಕ್ಕೆಗಳು.

ಇಲ್ಲಿ ನಮ್ಮ ಸೀಮೆಗೇ ಸೇರಿದ ಒಂದು ಮಾತಿದೆ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ನಂದಿಬೆಟ್ಟದ ತುದಿ 1,478 ಮೀಟರ್. ನಮ್ಮಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಅಷ್ಟು ಶಕ್ತಿಯನ್ನು ಇಲ್ಲಿ ಕಳೆದುಕೊಂಡೇ ಓಡುತ್ತದೆ. ಟರ್ಬೊ ಇದ್ದರೆ ಅದು ಇನ್ನೂ ಜೋರಾಗಿ ತಿರುಗಿ ಕೊರತೆ ತುಂಬಿಕೊಡುತ್ತದೆ, ಅದಕ್ಕೇ ನಂದಿ ಏರಿನಲ್ಲಿ ಟರ್ಬೊ ಕಾರಿಗೆ ಆ ಖುಷಿ. ಆದರೆ ಎಲ್ಲೋ ಸಮುದ್ರತೀರದ ದೇಶದಲ್ಲಿ ಬರೆದ ಮ್ಯಾಪನ್ನು ಹಾಗೇ ತಂದು ಇಲ್ಲಿ ಸುರಿದರೆ, ಅಷ್ಟೇ ಒತ್ತಡ ಕೊಡುವುದಕ್ಕೆ ಪಾಪ ಆ ಟರ್ಬೊ ತನ್ನ ಮಿತಿ ಮೀರಿ ತಿರುಗಬೇಕು. ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿ ನಾಕಿಂಗ್ ತರುತ್ತದೆ. ‘ನಮ್ಮೂರಿನ ಎತ್ತರಕ್ಕೆ ಮ್ಯಾಪ್ ಹೊಂದಿಸಿದ್ದೀರಾ?’ ಎಂದು ಕೇಳಿ. ಉತ್ತರ ಕೊಡದ ಅಂಗಡಿಯಿಂದ ಎದ್ದು ಬನ್ನಿ.

ನಮ್ಮ ಮನೆಯಲ್ಲಿ ಹಿಂದೆ ರೇಷ್ಮೆ ಚರಕ ಇತ್ತು. ಗೂಡು ಹದವಾಗಿ ಬೇಯದಿದ್ದರೆ ಚರಕ ಎಷ್ಟು ರಭಸದಿಂದ ತಿರುಗಿಸಿದರೂ ಎಳೆ ಕಿತ್ತುಹೋಗುತ್ತಿತ್ತು. ಅಮ್ಮ ಬಿಸಿನೀರಿಗೆ ಬೆರಳು ಅದ್ದಿ ನೋಡಿ ಹದ ಹೇಳುತ್ತಿದ್ದಳು. ಇಂಜಿನ್ ಕೆಲಸ ಕಲಿಯುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ಬೆರಳು.

ಸಣ್ಣ ಇಂಜಿನ್ನಿಂದ ಎಷ್ಟು ತೆಗೆಯಬಹುದು ಎಂಬುದಕ್ಕೆ ಲೋಕದಲ್ಲಿ ದೊಡ್ಡ ದೊಡ್ಡ ಸಾಕ್ಷಿಗಳಿವೆ. 1983ರಲ್ಲಿ ನೆಲ್ಸನ್ ಪಿಕೆ ಎಂಬ ಚಾಲಕ ಫಾರ್ಮುಲಾ ಒನ್ ಚಾಂಪಿಯನ್‌ಷಿಪ್ ಗೆದ್ದದ್ದು ಬಿಎಂಡಬ್ಲ್ಯೂನ 1.5 ಲೀಟರ್ ಟರ್ಬೊ ಇಂಜಿನ್ನಿನಲ್ಲಿ. ಅದರ ಎರಕದ ಬ್ಲಾಕು 1960ರ ದಶಕದ ಮಾಮೂಲಿ ರಸ್ತೆ ಕಾರಿನ ವಂಶದ್ದು. 1986ರ ಹೊತ್ತಿಗೆ ಅದರಿಂದಲೇ 1,000 ಅಶ್ವಶಕ್ತಿ ಮೀರಿ ತೆಗೆದರು. ಆದರೆ ಅರ್ಹತಾ ಸುತ್ತಿಗೆಂದು ಕಟ್ಟಿದ ಆ ಇಂಜಿನ್ ಬಾಳಿಕೆ ಬರುತ್ತಿದ್ದದ್ದು ಕೆಲವೇ ಸುತ್ತು. ಅದೇ ವರ್ಷ ಅಮೆರಿಕದಲ್ಲಿ ಕ್ಯಾರಲ್ ಶೆಲ್ಬಿ ಡಾಡ್ಜ್ ಓಮ್ನಿ ಎಂಬ ಸಾಧಾರಣ ಕಾರನ್ನು (ನಮ್ಮ ಮಾರುತಿ ಓಮ್ನಿ ಅಲ್ಲ) ಟರ್ಬೊ, ಇಂಟರ್‌ಕೂಲರ್ ಹಾಕಿ 175 ಅಶ್ವಶಕ್ತಿಗೆ ಏರಿಸಿ 500 ಗಾಡಿ ಮಾರಿದ. ಇವತ್ತು ಅಲ್ಲಿ ಮುಂಚಕ್ರಕ್ಕೆ ಶಕ್ತಿ ಹೋಗುವ ಹೋಂಡಾ ಸಿವಿಕ್‌ಗಳು 1,000 ಅಶ್ವಶಕ್ತಿ ಮೀರಿ, ಕಾಲು ಮೈಲಿಯನ್ನು, ಅಂದರೆ 402 ಮೀಟರನ್ನು, 8 ಸೆಕೆಂಡಿನೊಳಗೆ ಮುಗಿಸುತ್ತವೆ. ಆ ಗಾಡಿಗಳ ಫೋಟೊ ನೋಡುವಾಗ ಹುಡುಗರು ಬಾನೆಟ್ ಒಳಗೆ ನೋಡುತ್ತಾರೆ. ನಾನು ಹಿಂದಕ್ಕೆ ನೋಡು ಅನ್ನುತ್ತೇನೆ. ಹಿಂಭಾಗದಿಂದ ಉದ್ದನೆಯ ಕಬ್ಬಿಣದ ಸರಳುಗಳು ಚಾಚಿಕೊಂಡಿರುತ್ತವೆ, ತುದಿಗೆ ಪುಟ್ಟ ಗಾಲಿ. ಗಾಡಿ ಮುನ್ನುಗ್ಗಿದಾಗ ಭಾರ ಹಿಂದಕ್ಕೆ ಕೂತು ಮುಂಚಕ್ರ ಹಗುರಾಗಬಾರದು ಎಂದು ಆ ಏರ್ಪಾಡು.

ಮುಂಚಕ್ರದ ಗಾಡಿಯ ಕಷ್ಟವೆಲ್ಲ ಅದೇ. ಎಳೆಯುವುದೂ ಅವೇ ಎರಡು ಚಕ್ರ, ತಿರುಗಿಸುವುದೂ ಅವೇ. ಆಕ್ಸಿಲರೇಟರ್ ಒತ್ತಿದಷ್ಟೂ ಅವುಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ಜೊತೆಗೆ ಗೇರ್‌ಬಾಕ್ಸ್ ಒಂದು ಪಕ್ಕಕ್ಕೆ ಇರುವುದರಿಂದ ಎಷ್ಟೋ ಸಣ್ಣ ಕಾರುಗಳಲ್ಲಿ ಎಡಬಲದ ಡ್ರೈವ್ ಶಾಫ್ಟ್ ಒಂದೇ ಉದ್ದ ಇರುವುದಿಲ್ಲ. ನೊಗಕ್ಕೆ ಒಂದು ಹೋರಿ, ಒಂದು ಕರು ಕಟ್ಟಿದರೆ ಗಾಡಿ ಯಾವ ಕಡೆಗೆ ಎಳೆಯುತ್ತದೆ ಎಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಬೂಸ್ಟ್, ಅಂದರೆ ಟರ್ಬೊದ ಒತ್ತಡ, ಒಮ್ಮೆಗೇ ಬಂದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವುದೂ ಹೀಗೇ. ಒದ್ದೆ ರಸ್ತೆಯಲ್ಲಿ, ಎದುರಿಗೆ ಗೂಡು ತುಂಬಿದ ಟೆಂಪೊ ಬರುತ್ತಿರುವಾಗ, ಒಂದು ಗೇಣು ಕಿತ್ತುಕೊಂಡರೆ ಸಾಕು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿದರೆ ಹಿಡಿತ ಹೆಚ್ಚುತ್ತದೆ, ಒಳ್ಳೆಯ ಟೈರ್ ಹಾಕಿದರೆ ಇನ್ನೂ ಹೆಚ್ಚುತ್ತದೆ. ಆದರೆ ನನ್ನ ಹತ್ತಿರ ಬರುವ ಹತ್ತು ಹುಡುಗರಲ್ಲಿ ಒಬ್ಬನೂ ಟೈರಿನ ಮಾತು ಮೊದಲು ಎತ್ತಿದವನಲ್ಲ.

ಗೇರ್‌ಬಾಕ್ಸಿನ ಲೆಕ್ಕವೂ ಇದೆ. ಆ ಪೋಲೊದಲ್ಲಿರುವ ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ ಗೇರ್‌ಬಾಕ್ಸಿಗೆ ತಯಾರಕರೇ ಇಟ್ಟ ಮಿತಿ 250 ನ್ಯೂಟನ್ ಮೀಟರ್. 175 ಇರುವ ಕಡೆ 220 ಮಾಡಿದರೆ ಇನ್ನೂ ಜಾಗ ಉಳಿಯುತ್ತದೆ. ಅದೇ ಕಂಪನಿಯ ಈಗಿನ ವರ್ಟಸ್, ಟೈಗೂನ್‌ನ 1.5 ಲೀಟರ್ ಇಂಜಿನ್ ಕಂಪನಿಯಿಂದಲೇ 250 ಕೊಡುತ್ತದೆ. ಅದಕ್ಕೂ ಇದೇ ಜಾತಿಯ ಗೇರ್‌ಬಾಕ್ಸ್ ಇದ್ದರೆ ಹೆಚ್ಚಿಸುವ ಪ್ರತಿ ಅಂಶವೂ ಕ್ಲಚ್ಚಿನ ಆಯುಷ್ಯದಿಂದ ಕಡ ತಂದದ್ದು.

ಬ್ರೇಕಿನ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. 80ರಲ್ಲಿ ಹೋಗುವ ಗಾಡಿ 120ರಲ್ಲಿ ಹೋದರೆ ವೇಗ ಒಂದೂವರೆ ಪಟ್ಟು, ಆದರೆ ನಿಲ್ಲಿಸುವುದಕ್ಕೆ ಕರಗಿಸಬೇಕಾದ ಶಕ್ತಿ ಎರಡೂಕಾಲು ಪಟ್ಟು. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಇರುವುದು ಡ್ರಮ್ ಬ್ರೇಕ್. ನಂದಿ ಇಳಿಜಾರಿನಲ್ಲಿ ಪ್ಯಾಡ್ ಸುಟ್ಟ ವಾಸನೆ ಬರುತ್ತಿರುವಾಗ ಪೆಡಲ್ ಒಮ್ಮೆ ಮೆತ್ತಗೆ ಕೆಳಗಿಳಿದರೆ, ಬ್ರೇಕ್ ಆಯಿಲ್ ಕುದಿಯುತ್ತಿದೆ ಎಂದರ್ಥ. ಆ ಕ್ಷಣ ನಿಮ್ಮ ಹತ್ತಿರ ಎಷ್ಟು ಬಿಎಚ್‌ಪಿ ಇದ್ದರೂ ಉಪಯೋಗಕ್ಕೆ ಬರುವುದಿಲ್ಲ. ಕಾರು ಕಂಪನಿಯವರೇ ರೇಸಿಗೆ ಗಾಡಿ ಕಟ್ಟಿದಾಗ ಏನು ಮಾಡಿದರು ನೋಡಿ. ವೆಂಟೊ ಕಪ್ ರೇಸಿನ ಗಾಡಿಯಲ್ಲಿ 1.4 ಲೀಟರ್ ಟರ್ಬೊ ಇಂಜಿನ್ನಿಂದ 180 ಪಿಎಸ್ ತೆಗೆದರು. ಅದರ ಜೊತೆಯಲ್ಲೇ ಒಳಗೆ ಉಕ್ಕಿನ ಪಂಜರ ಕಟ್ಟಿದರು, ರೇಸಿನ ಟೈರು, ಬ್ರೇಕು, ಬೆಲ್ಟು ಹಾಕಿದರು, ಓಡಿಸುವವನ ತಲೆಗೆ ಹೆಲ್ಮೆಟ್ ಇಟ್ಟರು. ನಮ್ಮ ಹುಡುಗರು ಆ 180 ಅನ್ನುವ ಅಂಕಿಯೊಂದನ್ನೇ ಮನೆಗೆ ತರುತ್ತಾರೆ.

ಕಾನೂನಿನ ವಿಷಯವನ್ನು ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿರುವ, ತಯಾರಕರು ನಮೂದಿಸಿದ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದಾಯಿತು. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಸೆಕ್ಷನ್ ಬೇರೆ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಕೇಳುವುದು ಗಾಡಿ ಬದಲಿಸಿದ್ದೀರಾ ಎಂದು. ಜರ್ಮನಿಯಲ್ಲಿ ಮಾರ್ಪಾಡನ್ನು ಪರಿಣತರು ಪರೀಕ್ಷಿಸಿ, ಸರಿ ಇದ್ದರೆ ಗಾಡಿಯ ದಾಖಲೆಯಲ್ಲಿ ಬರೆದುಕೊಡುವ ಪದ್ಧತಿ ಇದೆ. ನಮ್ಮಲ್ಲಿ ಅಂಥ ದಾರಿ ಇಲ್ಲದ್ದರಿಂದ ಎಲ್ಲವೂ ಕತ್ತಲಲ್ಲಿ ನಡೆಯುತ್ತದೆ. ಬ್ರೇಕ್ ಸರಿ ಮಾಡಿಸಿಕೊಂಡವನೂ ಕಳ್ಳನೇ, ಮಾಡಿಸಿಕೊಳ್ಳದವನೂ ಕಳ್ಳನೇ. ಹಾಗಿರುವಾಗ ಹುಡುಗ ದುಡ್ಡನ್ನು ಬ್ರೇಕಿಗೆ ಯಾಕೆ ಹಾಕುತ್ತಾನೆ?

2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ತಾಲ್ಲೂಕಿಗೆ ಅಗಲವಾದ ರಸ್ತೆಗಳು ಬಂದವು, ಕೆಲವು ಮನೆಗಳಿಗೆ ಜಮೀನಿನ ಹಣ ಬಂತು, ಕಾರುಗಳು ಬಂದವು. ವೇಗ ನೋಡುವುದಕ್ಕೆ ಒಂದು ಜಾಗ ಮಾತ್ರ ಬರಲಿಲ್ಲ. ಗೋ-ಕಾರ್ಟ್ ಓಡಿಸುವ ಜಾಗಗಳಿವೆ. ಗಾಡಿಯನ್ನೇ ಓಡಿಸಬೇಕಾದರೆ ನಮ್ಮ ಹುಡುಗ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ರಾಜ್ಯ ದಾಟಿ ಹೋಗಬೇಕು. ಹೋಗುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಹೆದ್ದಾರಿಗೆ ಹೋಗುತ್ತಾನೆ.

ಟ್ರ್ಯಾಕಿಗೆಂದು ಹೊಸ ಜಮೀನು ಕೊಡಿ ಎಂದು ನಾನು ಕೇಳುತ್ತಿಲ್ಲ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ತಮ್ಮ 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮೀರಿ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಆ ಮಣ್ಣಿನಿಂದ ಒಂದು ಗುಂಟೆಯನ್ನೂ ಯಾರೂ ಕೇಳಬಾರದು. ಈಗಾಗಲೇ ಡಾಂಬರು ಹಾಕಿರುವ, ಭಾನುವಾರ ಖಾಲಿ ಬಿದ್ದಿರುವ ಕೈಗಾರಿಕಾ ಪ್ರದೇಶದ ನೇರ ರಸ್ತೆಯೊಂದು ಸಾಕು. 402 ಮೀಟರ್ ಓಟಕ್ಕೆ, ಅದರ ಎರಡರಷ್ಟು ನಿಲ್ಲುವುದಕ್ಕೆ. ಎರಡೂ ಬದಿಗೆ ತಡೆಗೋಡೆ, ಒಂದು ಆಂಬುಲೆನ್ಸ್, ಒಂದು ಅಗ್ನಿಶಾಮಕ ವಾಹನ, ಮೋಟಾರು ಕ್ರೀಡಾ ಒಕ್ಕೂಟದ ಅನುಮತಿ, ಪೊಲೀಸರ ಕಣ್ಣೆದುರು. ಗೆರೆಗೆ ಬರುವ ಮೊದಲು ಪ್ರತಿ ಗಾಡಿಯ ಟೈರು, ಬ್ರೇಕು, ಬೆಲ್ಟು ಪರೀಕ್ಷೆ. ಪಾಸಾಗದ ಗಾಡಿ ವಾಪಸ್. ಪಾಸಾಗುವ ಆಸೆಗಾದರೂ ಹುಡುಗರು ದುಡ್ಡನ್ನು ಸರಿಯಾದ ಕಡೆ ಹಾಕುತ್ತಾರೆ ಎಂಬುದು ನನ್ನ ಅನುಭವದ ಮಾತು. ಆ ಪೋಲೊದ ಹುಡುಗನೇ ಈಗ ಇಂಜಿನ್ ಕಟ್ಟಿಸುವ ಮೊದಲು ನಾಲ್ಕು ಟೈರು, ಪ್ಯಾಡು, ಹೊಸ ಬ್ರೇಕ್ ಆಯಿಲ್ ಹಾಕಿಸಿದ್ದಾನೆ. ಪಿಸ್ಟನ್ ಬಂದಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಮುಂದಿನ ವಾರ ಅಂದಿದ್ದಾರೆ.

ಜಿಲ್ಲಾಡಳಿತಕ್ಕೆ, ಸಾರಿಗೆ ಇಲಾಖೆಗೆ ನನ್ನ ವಿನಂತಿ ಇಷ್ಟೇ: ತಿಂಗಳಿಗೆ ಒಂದು ಭಾನುವಾರ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಒಂದು ರಸ್ತೆ ಕೊಡಿ. ಬ್ರೇಕ್ ಪರೀಕ್ಷೆಗೆ ನಾನೂ ನನ್ನ ಇಬ್ಬರು ಹುಡುಗರೂ ಬಂದು ನಿಲ್ಲುತ್ತೇವೆ, ಕೂಲಿ ಬೇಡ.