ಡಬ್ಬಿಯಲ್ಲಿ ಬರುವ ಹುಳುವಿಗೂ ಪರವಾನಗಿ ಬೇಕು



ಕೆಲವು ದಿನಗಳ ಹಿಂದೆ ತೆಂಗು ಬೆಳೆಗಾರರೊಬ್ಬರು ನಮ್ಮ ವಿಭಾಗಕ್ಕೆ ಬಂದಿದ್ದರು. ಜಪಾನಿನಲ್ಲಿ ಕೆಲಸದಲ್ಲಿರುವ ಅವರ ತಂಗಿಯ ಮಗ ಹಬ್ಬಕ್ಕೆ ಊರಿಗೆ ಬರುವವನಿದ್ದ. ಬರುವಾಗ ಮನೆಯ ಹುಡುಗನಿಗೆಂದು ಒಂದು ಜೊತೆ ಕೊಂಬಿನ ದುಂಬಿ ತರುವುದಾಗಿ ತಿಳಿಸಿ, ಅದರ ಚಿತ್ರವನ್ನು ಇವರ ಮೊಬೈಲಿಗೆ ಕಳಿಸಿದ್ದ. ಆ ದೇಶದಲ್ಲಿ ಮಕ್ಕಳು ಇಂಥ ದುಂಬಿಗಳನ್ನು ಅಂಗಡಿಯಲ್ಲಿ ಕೊಂಡು ಸಾಕುವುದು ವಾಡಿಕೆ. "ಅಂಗೈಯಗಲದ ಡಬ್ಬಿಯಲ್ಲಿ ಹಿಡಿಯುವ ಹುಳು, ಇದಕ್ಕೂ ಕಾನೂನು ಉಂಟೇ ಸಾರ್?" ಎಂದು ಅವರು ನಕ್ಕರು.

"ನಿಮ್ಮ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಯಾವ ಬಳಗದ್ದು, ಬಲ್ಲಿರಾ?" ಎಂದು ನಾನು ಕೇಳಿದೆ. ಚಿತ್ರದಲ್ಲಿದ್ದ ದುಂಬಿಯೂ ಅದೇ ಬಳಗದ್ದು. ಅವರ ನಗು ನಿಂತಿತು.

ಹೊರದೇಶದಿಂದ ಜೀವಂತ ಕೀಟ ತರಲು ಪರವಾನಗಿ ಬೇಕೆಂಬ ಕಟ್ಟಳೆಯನ್ನು ಅನೇಕರು ಕಚೇರಿಯವರ ಕಿರುಕುಳವೆಂದು ತಿಳಿಯುತ್ತಾರೆ. ಅದು ನಮ್ಮೆಲ್ಲರ ಹೊಲಗಳಿಗೆ ಒಟ್ಟಾಗಿ ಹಾಕಿರುವ ಬೇಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದೆ ನಡೆದದ್ದೇನು?

1869ರ ಸುಮಾರಿಗೆ ಟ್ರೂವೆಲೋ ಎಂಬವರು ರೇಷ್ಮೆ ಹುಳುಗಳ ಪ್ರಯೋಗಕ್ಕೆಂದು ಯೂರೋಪಿನಿಂದ ಜಿಪ್ಸಿ ಪತಂಗವನ್ನು ಅಮೆರಿಕೆಗೆ ತಂದು, ಮೆಡ್‌ಫರ್ಡ್ ಎಂಬ ಊರಿನ ತಮ್ಮ ಮನೆಯಲ್ಲಿ ಸಾಕಿದರು. ಕೆಲವು ಹುಳುಗಳು ತಪ್ಪಿಸಿಕೊಂಡವು. ಇಪ್ಪತ್ತು ವರ್ಷಗಳೊಳಗೆ ಆ ಊರಿನ ಮರಗಳೆಲ್ಲ ಎಲೆಯಿಲ್ಲದೆ ಬೋಳಾದವು. ಇಂದಿಗೂ ಆ ದೇಶದ ಕಾಡುಗಳು ಈ ಪೀಡೆಯಿಂದ ಬಿಡುಗಡೆ ಹೊಂದಿಲ್ಲ. ಅಂದು ಅಲ್ಲಿ ಕೇಳುವ ಕಾನೂನೇ ಇರಲಿಲ್ಲ.

ನಮ್ಮ ಕುರುವಾಯಿ ದುಂಬಿಯ ಕಥೆಯೂ ಹೀಗೆಯೇ. 1909ರಲ್ಲಿ ಸಿಂಹಳದಿಂದ ಸಮೋವ ದ್ವೀಪಕ್ಕೆ ಹೋದ ರಬ್ಬರ್ ಸಸಿಗಳ ಜೊತೆ ಅದು ಕಡಲು ದಾಟಿತು. ಅಲ್ಲಿಂದ ಮುಂದೆ ಪೆಸಿಫಿಕ್ ಸಾಗರದ ಅನೇಕ ದ್ವೀಪಗಳ ತೆಂಗನ್ನು ಹಾಳುಮಾಡಿತು. ಅದೇ ದುಂಬಿ 2007ರಲ್ಲಿ ಗುವಾಮ್ ದ್ವೀಪದಲ್ಲಿ, 2013ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡಿತು.

ಸಾಕುವ ದುಂಬಿ ಬೆಳೆ ತಿನ್ನುವುದಿಲ್ಲವಲ್ಲ ಎಂದು ತಾವು ಕೇಳಬಹುದು. ಜಪಾನ್ ಸರ್ಕಾರವೂ ಹೀಗೆಯೇ ಎಣಿಸಿ 1999ರಲ್ಲಿ ಕೆಲವು ಜಾತಿಯ ವಿದೇಶಿ ದುಂಬಿಗಳ ಆಮದಿಗೆ ಅವಕಾಶ ಕೊಟ್ಟಿತು. ಲಕ್ಷಗಟ್ಟಲೆ ದುಂಬಿಗಳು ಬಂದವು. ಅವುಗಳ ಮೈಗೆ ಅಂಟಿಕೊಂಡು ನುಸಿಗಳೂ ಬಂದಿರುವುದನ್ನು ವಿಜ್ಞಾನಿಗಳು ಕಂಡರು. ಹೊರಗಿನ ಜಾತಿ ಸ್ಥಳೀಯ ಜಾತಿಯೊಡನೆ ಕೂಡಿ ಮಿಶ್ರ ಸಂತತಿ ಪಡೆಯುವುದೂ ತಿಳಿದುಬಂದಿತು. ತಂದವರು ಕಂಡದ್ದು ಒಂದು ಹುಳು, ಡಬ್ಬಿಯಲ್ಲಿ ಬಂದದ್ದು ಹಲವು.

ನಮ್ಮ ಕಾನೂನು

ನಮ್ಮ ದೇಶದಲ್ಲಿ 1914ರಿಂದಲೂ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ ಇದೆ. ಇದರ ಅಡಿಯಲ್ಲಿ ಹೊರಡಿಸಿರುವ 2003ರ ಸಸ್ಯ ಕ್ವಾರಂಟೈನ್ ಆಜ್ಞೆಯಂತೆ, ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣಾ ಸಲಹೆಗಾರರ ಪರವಾನಗಿ ಇಲ್ಲದೆ ಯಾವ ಜೀವಂತ ಕೀಟವನ್ನೂ ದೇಶದೊಳಕ್ಕೆ ತರುವಂತಿಲ್ಲ. ಮೊಟ್ಟೆ, ಮರಿಹುಳು, ಕೋಶ ಇವೂ ಜೀವಂತ ಕೀಟಗಳೇ ಎಂಬುದನ್ನು ಮರೆಯಬಾರದು. ಅರ್ಜಿಯನ್ನು ಮೊದಲೇ ಸಲ್ಲಿಸಬೇಕು. ಕೀಟ ಯಾವುದು, ಎಲ್ಲಿಂದ ಬರುತ್ತದೆ, ಏತಕ್ಕೆ ಬೇಕು ಎಂಬುದನ್ನು ತಿಳಿಸಬೇಕು. ಪ್ರಯಾಣದ ಚೀಲದಲ್ಲಿಟ್ಟು ತರುವುದಾಗಲಿ, ಅಂಚೆಯಲ್ಲಿ ತರಿಸುವುದಾಗಲಿ ಈ ಕಟ್ಟಳೆಗೆ ಹೊರತಲ್ಲ.

ಬೇಲಿಗೆ ಬಾಗಿಲೂ ಇದೆ

ಬೇಲಿಯೆಂದರೆ ಬಾಗಿಲಿಲ್ಲದ ಗೋಡೆಯಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿಯ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಬಹುಬೇಗ ಹಿಪ್ಪುನೇರಳೆಗೂ ಹಬ್ಬಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಔಷಧಿ ಎಷ್ಟು ಸಿಂಪಡಿಸಿದರೂ ಹತೋಟಿಗೆ ಬರಲಿಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಪರತಂತ್ರ ಕಣಜಗಳನ್ನು ಪರವಾನಗಿ ಪಡೆದು ಬೆಂಗಳೂರಿಗೆ ತರಿಸಿ, ಕ್ವಾರಂಟೈನಿನಲ್ಲಿಟ್ಟು ಪರೀಕ್ಷಿಸಿ, ಬಳಿಕ ಹೊಲಗಳಲ್ಲಿ ಬಿಡಲಾಯಿತು. ಅವುಗಳಲ್ಲಿ ಅಸೆರೋಫೇಗಸ್ ಎಂಬ ಪುಟ್ಟ ಕಣಜ ತಿಗಣೆಯನ್ನು ಅಡಗಿಸಿತು. ನಿಜವಾಗಿ ಬೇಕಾದ ಕೀಟಕ್ಕೆ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪರೀಕ್ಷಿಸಿ ತಂದ ಕೀಟದ ಮೇಲೂ ಕಣ್ಣಿಡಬೇಕಾಗುತ್ತದೆ. ಕಾಂಗ್ರೆಸ್ ಕಳೆಯನ್ನು ತಿನ್ನಲೆಂದು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ಜೈಗೋಗ್ರಾಮ ದುಂಬಿಯನ್ನು ತರಲಾಯಿತು. ಮುಂದೆ ಅದು ಸೂರ್ಯಕಾಂತಿಯ ಎಲೆಯ ಮೇಲೆ ಕಂಡುಬಂದಾಗ ರೈತರು ಗಾಬರಿಯಾದರು, ಸರ್ಕಾರ ಸಮಿತಿಯನ್ನು ನೇಮಿಸಿ ವಿಚಾರಣೆ ನಡೆಸಬೇಕಾಯಿತು. ಪರೀಕ್ಷೆಯಾದ ದುಂಬಿಗೇ ಇಷ್ಟು ವಿಚಾರಣೆಯಾದರೆ, ಪರೀಕ್ಷೆಯನ್ನೇ ಕಾಣದ ದುಂಬಿಯ ಗತಿಯೇನು?

ಒಂದು ಆಕ್ಷೇಪಣೆ

"2018ರಲ್ಲಿ ಮೆಕ್ಕೆಜೋಳಕ್ಕೆ ಬಿದ್ದ ಫಾಲ್ ಸೈನಿಕ ಹುಳು ಯಾವ ಪರವಾನಗಿ ಪಡೆದು ಬಂತು?" ಎಂದು ಶಿವಮೊಗ್ಗದ ಕಡೆಯ ರೈತರು ಕೇಳುತ್ತಾರೆ. ಅವರ ನೋವು ನ್ಯಾಯವಾದದ್ದು. ದೂರ ಹಾರಬಲ್ಲ ಪತಂಗವನ್ನು ಕಾಗದ ತಡೆಯಲಾರದು. ಆದರೆ ಹಕ್ಕಿ ಮೇಲಿಂದ ಹಾರಿ ಬಂದು ಕಾಳು ತಿಂದಿತೆಂದು ದನಕ್ಕೆ ಕಟ್ಟಿದ ಬೇಲಿಯನ್ನು ಯಾರೂ ಕಿತ್ತೊಗೆಯುವುದಿಲ್ಲ. ನಮ್ಮ ಕೈಯಿಂದಲೇ ಬರುವುದನ್ನಾದರೂ ನಾವು ತಡೆಯಬೇಕು. ಉಗುರಿನಲ್ಲಿ ಹೋಗುವುದಕ್ಕೆ ಮುಂದೆ ಕೊಡಲಿ ಎತ್ತುವಂತಾಗಬಾರದು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಈ ಕಟ್ಟಳೆಗಳು ಇಂಗ್ಲಿಷಿನಲ್ಲಿ ಅಚ್ಚಾಗಿ ಕಡತಗಳಲ್ಲಿ ಉಳಿದಿವೆ. ಔಷಧಿಯ ಪ್ರಮಾಣವನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿದ ನಾವು ಈ ವಿಷಯವನ್ನು ಮುಟ್ಟಿಸಲಿಲ್ಲ. ಇಂದು ಹಳ್ಳಿಯ ಮಕ್ಕಳು ದೇಶ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಅವರು ಊರಿಗೆ ಹೊರಡುವ ಮುನ್ನವೇ ತಿಳಿಯುವಂತೆ ಇದನ್ನು ಸರಳ ಕನ್ನಡದಲ್ಲಿ ಪ್ರಕಟಿಸುವುದು ಇಲಾಖೆಗಳ ಮತ್ತು ನಮ್ಮಂಥವರ ಹೊಣೆ.

ತಮ್ಮಲ್ಲಿ ನನ್ನ ಬಿನ್ನಹ ಇಷ್ಟೆ. ಪರದೇಶದಲ್ಲಿರುವ ಮಕ್ಕಳಿಗೆ ಹುಳು, ಸಸಿ, ಮಣ್ಣು ತರಬೇಡಿರೆಂದು ಈಗಲೇ ತಿಳಿಸಿರಿ. ಯಾರಾದರೂ ಈಗಾಗಲೇ ತಂದಿದ್ದರೆ ಹೆದರಿ ತೋಟಕ್ಕೆ ಬಿಡಬಾರದು, ತಿಪ್ಪೆಗೆ ಎಸೆಯಲೂ ಬಾರದು. ಡಬ್ಬಿಯನ್ನು ಮುಚ್ಚಿದಂತೆಯೇ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿರಿ. ಮಕ್ಕಳಿಗೆ ದುಂಬಿ ನೋಡುವ ಆಸೆಯಿದ್ದರೆ ಗೊಬ್ಬರದ ಗುಂಡಿ ಕೆದಕುವಾಗ ಜೊತೆಗೆ ಕರೆದೊಯ್ಯಿರಿ. ಕೊಂಬಿನ ದುಂಬಿ ಅಲ್ಲಿಯೇ ಸಿಗುತ್ತದೆ, ಅದರ ಗೊಣ್ಣೆಹುಳುಗಳನ್ನು ಆರಿಸಿ ನಾಶಮಾಡಿದರೆ ತೆಂಗಿಗೂ ಕ್ಷೇಮ.

ಆ ಬೆಳೆಗಾರರು ನಮ್ಮ ವಿಭಾಗದಿಂದಲೇ ಜಪಾನಿಗೆ ಫೋನು ಮಾಡಿ, "ಹುಳು ಬೇಡಪ್ಪ, ನೀನು ಬಂದರೆ ಸಾಕು" ಎಂದರು. ತಾವೂ ಹಾಗೆಯೇ ಹೇಳುವಿರೆಂದು ನಂಬಿದ್ದೇನೆ.