ಕೆಂಪು ವೈನಿನ ಲೆಕ್ಕಾಚಾರ

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು ಮನೆಮಾತಾದದ್ದು 1991ರಲ್ಲಿ, ಅಮೆರಿಕದ ‘60 ಮಿನಿಟ್ಸ್’ ಟೀವಿ ಕಾರ್ಯಕ್ರಮದಿಂದ. ಬೆಣ್ಣೆ, ಚೀಸ್ ಧಾರಾಳವಾಗಿ ತಿನ್ನುವ ಫ್ರೆಂಚರಲ್ಲಿ ಹೃದ್ರೋಗ ಕಡಿಮೆ ಯಾಕೆ ಎಂಬ ಒಗಟಿಗೆ ವಿಜ್ಞಾನಿ ಸರ್ಜ್ ರೆನೋ ವೈನಿನತ್ತ ಬೆರಳು ತೋರಿಸಿದರು. ಅಮೆರಿಕದಲ್ಲಿ ಅದರ ಮಾರಾಟ ಜಿಗಿಯಿತು. ಮುಂದೆ ಈ ಪುಣ್ಯವನ್ನು ದ್ರಾಕ್ಷಿಸಿಪ್ಪೆಯ ರೆಸ್ವೆರಾಟ್ರಾಲ್ ಎಂಬ ಆಂಟಿಆಕ್ಸಿಡೆಂಟಿನ ಖಾತೆಗೆ ಬರೆಯಲಾಯಿತು. ಆ ವಸ್ತುವೇನೂ ಬೊಗಳೆಯಲ್ಲ. ಅದು ಯೀಸ್ಟ್ ಕೋಶಗಳ ಆಯಸ್ಸನ್ನು ಹೆಚ್ಚಿಸುತ್ತದೆಂದು 2003ರಲ್ಲಿ, ಕೊಬ್ಬಿನ ಆಹಾರ ತಿಂದ ಇಲಿಗಳ ಆರೋಗ್ಯವನ್ನೂ ಉಳಿವನ್ನೂ ಸುಧಾರಿಸುತ್ತದೆಂದು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಗಳು ಬಂದವು. ತಕರಾರಿರುವುದು ಇಲಿಯ ಪಂಜರದಿಂದ ಊಟದ ಮೇಜಿಗೆ ಒಂದೇ ನೆಗೆತಕ್ಕೆ ಹಾರುವ ತರ್ಕದ ಬಗ್ಗೆ.

ಆ ಇಲಿಗಳಿಗೆ ಕೊಟ್ಟದ್ದು ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 22 ಮಿಲಿಗ್ರಾಂ. ಒಂದು ಲೀಟರ್ ಕೆಂಪು ವೈನಿನಲ್ಲಿ ಅದು ಇರುವುದೇ ಕೆಲವು ಮಿಲಿಗ್ರಾಂ. ಎರಡು ಎಂದಿಟ್ಟುಕೊಂಡರೆ, 60 ಕಿಲೋ ತೂಕದವರು ಅದೇ ಪ್ರಮಾಣಕ್ಕಾಗಿ ದಿನಕ್ಕೆ 660 ಲೀಟರ್ ಕುಡಿಯಬೇಕು! ಇಲಿಯ ಚಯಾಪಚಯ ಚುರುಕು, ಮನುಷ್ಯನಿಗೆ ಹನ್ನೆರಡರಲ್ಲೊಂದು ಪಾಲು ಸಾಕು ಎಂದು ಔಷಧಶಾಸ್ತ್ರದ ರಿಯಾಯಿತಿ ಕೊಟ್ಟರೂ 55 ಲೀಟರ್. ಕುಡಿದದ್ದಾದರೂ ಹಾಗೇ ರಕ್ತಕ್ಕಿಳಿಯುವುದಿಲ್ಲ. ಕರುಳು ಮತ್ತು ಯಕೃತ್ತು ಅದನ್ನು ಬಹುಬೇಗ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ಅಲ್ಪ ಪ್ರಮಾಣವೇ ವರ್ಷಗಟ್ಟಲೆ ಸೇರಿದರೆ ಫಲ ಕೊಡಬಹುದಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ವೈನಿನ ತವರಾದ ಇಟಲಿಯ ಕಿಯಾಂಟಿ ಪ್ರದೇಶಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಅಲ್ಲಿ 65 ದಾಟಿದ 783 ಮಂದಿಯ ಮೂತ್ರದಲ್ಲಿ ರೆಸ್ವೆರಾಟ್ರಾಲಿನ ಅಂಶಗಳನ್ನು ಅಳೆದು, ಒಂಬತ್ತು ವರ್ಷ ಅವರ ಆರೋಗ್ಯವನ್ನು ಗಮನಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಅಂಶ ಹೆಚ್ಚಿದ್ದವರಿಗೂ ಕಡಿಮೆಯಿದ್ದವರಿಗೂ ಹೃದ್ರೋಗ, ಕ್ಯಾನ್ಸರ್, ಸಾವು ಯಾವುದರಲ್ಲೂ ಗಣನೀಯ ವ್ಯತ್ಯಾಸವಿರಲಿಲ್ಲ. ಮಿತವಾಗಿ ಕುಡಿಯುವವರು ಗಟ್ಟಿಮುಟ್ಟಾಗಿರುತ್ತಾರೆಂಬ ಹಳೆಯ ಸಮೀಕ್ಷೆಗಳ ಮಾತಿಗೂ ಬೇರೆ ವಿವರಣೆಯಿದೆ: ಅಂಥವರು ಬಹುಪಾಲು ಅನುಕೂಲಸ್ಥರು, ಇನ್ನು ಕುಡಿಯದವರ ಗುಂಪಿನಲ್ಲಿ ಕಾಯಿಲೆ ಬಿದ್ದು ಬಿಟ್ಟವರೂ ಸೇರಿರುತ್ತಾರೆ.

ಹಾಗಾದರೆ ವೈನ್ ಬಿಟ್ಟು ಮಾತ್ರೆ ನುಂಗೋಣವೇ? ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ ಇದೇ ಆಸೆಯಿಂದ 2008ರಲ್ಲಿ 72 ಕೋಟಿ ಡಾಲರ್ ಸುರಿದು, ರೆಸ್ವೆರಾಟ್ರಾಲ್ ಔಷಧದಲ್ಲಿ ತೊಡಗಿದ್ದ ಸರ್ಟ್ರಿಸ್ ಸಂಸ್ಥೆಯನ್ನು ಕೊಂಡಿತು. ಎರಡೇ ವರ್ಷಕ್ಕೆ, ರಕ್ತದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದಿದ್ದ ಆ ಔಷಧದ ಪ್ರಯೋಗವು ಕೆಲವರ ಮೂತ್ರಪಿಂಡಕ್ಕೆ ಹಾನಿಯಾದ ಮೇಲೆ ನಿಂತಿತು. ಡೆನ್ಮಾರ್ಕಿನ ವಯಸ್ಸಾದ ಗಂಡಸರಲ್ಲಿ, ದಿನಕ್ಕೆ 250 ಮಿಲಿಗ್ರಾಂ ಮಾತ್ರೆಯು ವ್ಯಾಯಾಮದಿಂದ ಸಿಗುವ ಲಾಭದಲ್ಲೇ ಕೆಲವನ್ನು ತಗ್ಗಿಸಿತೆಂದು 2013ರ ಅಧ್ಯಯನವೊಂದು ಹೇಳಿತು. ಆಂಟಿಆಕ್ಸಿಡೆಂಟ್ ಎಂದಾಕ್ಷಣ ಹೆಚ್ಚಿದ್ದಷ್ಟೂ ಒಳ್ಳೆಯದೆನ್ನುವಂತಿಲ್ಲ.

ಕೊನೆಗೊಂದು ಆಕ್ಷೇಪ ಉಳಿಯುತ್ತದೆ: ವೈನಿನಲ್ಲಿ ರೆಸ್ವೆರಾಟ್ರಾಲಿನಂಥ ಬೇರೆ ಪಾಲಿಫಿನಾಲ್‌ಗಳೂ ಇವೆಯಲ್ಲ? ಇವೆ, ದ್ರಾಕ್ಷಿಯಲ್ಲೂ ಇವೆ. ವೈನಿನ ವಿಷಯದಲ್ಲಿ ಮಾತ್ರ ಅವುಗಳ ಜೊತೆಗೆ ಲೀಟರಿಗೆ ಸುಮಾರು ನೂರು ಗ್ರಾಂ ಆಲ್ಕೋಹಾಲನ್ನೂ ಒಪ್ಪಿಕೊಳ್ಳಬೇಕು. ಮದ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕೆಂಪು ವೈನಿಗೆ ಅದರಲ್ಲಿ ವಿನಾಯಿತಿಯಿಲ್ಲ.