ಆರಿಹೋದ ಮಾಯಾನಗರಿ

ಮಾಯೆಯ ಮಾತೆತ್ತಿದೊಡನೆ ನಮ್ಮವರ ನಾಲಗೆಗೆ ನಿಂದೆಯೇ ಮೊದಲು ಬರುತ್ತದೆ. ಕಂಪ್ಯೂಟರ್ ಆಟಗಳ ವಿಷಯದಲ್ಲಂತೂ ಹಿರಿಯರಾದ ನಾವು ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟು ಕುಳಿತಿರುತ್ತೇವೆ. ನಾನೂ ಇದಕ್ಕೆ ಹೊರತಾಗಿರಲಿಲ್ಲ. ಆದರೆ ‘ದಿ ಮ್ಯಾಟ್ರಿಕ್ಸ್ ಆನ್‌ಲೈನ್’ ಎಂಬ ಅಮೆರಿಕದ ಆಟವೊಂದರ ಉದಯಾಸ್ತಗಳ ವೃತ್ತಾಂತವನ್ನು ಅರಿತ ಮೇಲೆ, ದೋಷವು ನಾವು ಬೆರಳಿಟ್ಟು ತೋರಿಸುವೆಡೆಯಲ್ಲಿಲ್ಲ, ಬೇರೆಡೆಯಲ್ಲಿದೆ ಎಂಬ ನಿಶ್ಚಯಕ್ಕೆ ಬಂದಿದ್ದೇನೆ.

ವಾಚೌಸ್ಕಿ ಸಹೋದರಿಯರು ನಿರ್ದೇಶಿಸಿದ ‘ಮ್ಯಾಟ್ರಿಕ್ಸ್’ ಚಲನಚಿತ್ರ 1999ರಲ್ಲಿಯೂ ಅದರ ಮುಂದಿನ ಎರಡು ಭಾಗಗಳು 2003ರಲ್ಲಿಯೂ ತೆರೆ ಕಂಡವು. ಯಂತ್ರಗಳು ಮನುಷ್ಯರನ್ನು ನಿದ್ರೆಯಲ್ಲಿ ಕೆಡವಿ, ಹುಸಿ ಲೋಕವೊಂದನ್ನು ನಿಜವೆಂದು ತೋರಿಸುತ್ತವೆ. ಎಚ್ಚೆತ್ತ ಕೆಲವರು ಅವುಗಳೊಡನೆ ಹೋರಾಡುತ್ತಾರೆ. ಮೂರನೆಯ ಚಿತ್ರದ ಕೊನೆಗೆ ಉಭಯ ಪಕ್ಷಗಳಿಗೂ ಸಂಧಿಯಾಗುತ್ತದೆ. ಸಂಧಿಯ ತರುವಾಯ ಏನಾಯಿತೆಂಬ ಕಥೆಯನ್ನು ಮುಂದುವರಿಸುವ ಹೊಣೆ 2005ರ ಮಾರ್ಚಿಯಲ್ಲಿ ಹೊರಬಂದ ಈ ಆಟಕ್ಕೆ ಬಂದಿತು. ಇದನ್ನು ರಚಿಸಿದ್ದು ಮೊನೊಲಿತ್ ಸಂಸ್ಥೆ. ಕಥೆಯನ್ನು ಹೆಣೆದವರಲ್ಲಿ ಪ್ರಮುಖರು ಚಿತ್ರಕಥಾಪುಸ್ತಕಗಳ ಲೇಖಕ ಪಾಲ್ ಚಾಡ್ವಿಕ್. ಬೇರೆ ಬೇರೆ ಊರುಗಳ ಜನ ತಂತಮ್ಮ ಮನೆಯಲ್ಲಿಯೇ ಕುಳಿತು ಒಂದೇ ಮಹಾನಗರವನ್ನು ಏಕಕಾಲಕ್ಕೆ ಪ್ರವೇಶಿಸಿ, ಮೂರು ಪಕ್ಷಗಳಲ್ಲೊಂದನ್ನು ಸೇರಿ ಆಡುತ್ತಿದ್ದರು. ಚಿತ್ರದ ಪಾತ್ರಗಳ ವೇಷದಲ್ಲಿ ನಿಜವಾದ ಮನುಷ್ಯರೇ ಬಂದು ಅವರೊಡನೆ ಸಂಭಾಷಿಸುತ್ತಿದ್ದುದೂ ಉಂಟು. ಚಿತ್ರಗಳ ಮುಖ್ಯಪಾತ್ರಗಳಲ್ಲೊಬ್ಬನಾದ ಮಾರ್ಫಿಯಸ್ ಹತನಾದುದು ಈ ಆಟದಲ್ಲಿ, 2005ರಲ್ಲಿ. ಪ್ರೇಕ್ಷಕರೆನಿಸಬೇಕಾದವರು ಇಲ್ಲಿ ಪಾತ್ರಧಾರಿಗಳೂ ಆಗಿದ್ದರು.

ಅದೇ ವರ್ಷ ಆಟದ ಆಡಳಿತ ಸೋನಿ ಆನ್‌ಲೈನ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಯ ಕೈಸೇರಿತು. 2009ರ ಜುಲೈ 31ರಂದು ನಗರದ ದೀಪವಾರಿತು. ಉಳಿದಿದ್ದ ಆಟಗಾರರು ಕೊನೆಯ ಗಳಿಗೆಯಲ್ಲಿ ಆ ಬೀದಿಗಳಲ್ಲಿಯೇ ನೆರೆದು ಪರಸ್ಪರ ಬೀಳ್ಕೊಂಡರು.

“ಹುಸಿ ನಗರ ಹೋದರೆ ಹೋಗಲಿ, ಅಳುವುದೇಕೆ?” ಎಂದು ಕೇಳುವವರುಂಟು. ಶರಣಮತವು ಲೋಕವನ್ನು ಮಿಥ್ಯೆಯೆಂದು ತಳ್ಳಿದ ಮತವಲ್ಲ. ಕೂಡಿ ಮಾಡಿದ ಕಾಯಕಕ್ಕೂ ಕೂಡಿ ಕಟ್ಟಿದ ಸಂಗಕ್ಕೂ ಬೆಲೆ ಕೊಟ್ಟ ಮತ. ನಗರ ಕಲ್ಪಿತವಾದರೂ ಅಲ್ಲಿ ಬೆಳೆದ ಸ್ನೇಹ ಕಲ್ಪಿತವಲ್ಲ. ಆದುದರಿಂದ ಅವರ ಕಣ್ಣೀರನ್ನು ನಾನು ಹಾಸ್ಯ ಮಾಡಲಾರೆ.

ಆಡುವವರು ವಿರಳವಾದಾಗ ವ್ಯಾಪಾರಿಯು ನಷ್ಟ ಹೊತ್ತು ಅಂಗಡಿ ತೆರೆದಿರಬೇಕೆನ್ನುವುದೂ ನ್ಯಾಯವಲ್ಲ. ಆದರೆ ಅಂಗಡಿ ಮುಚ್ಚುವುದು ಬೇರೆ, ಗ್ರಂಥವು ಲೋಕಕ್ಕೆ ಎರವಾಗುವುದು ಬೇರೆ. 1999ರ ಚಿತ್ರವನ್ನು ಇಂದಿಗೂ ನೋಡಬಹುದು. ನಾಲ್ಕು ವರ್ಷ ನಡೆದ ಅದರ ಉತ್ತರಕಥೆಯನ್ನು ಮೊದಲಿನಂತೆ ಪ್ರವೇಶಿಸುವ ದಾರಿಯಿಲ್ಲ. ಆಟದ ಒಂದು ಭಾಗ ಆಟಗಾರರ ಯಂತ್ರಗಳಲ್ಲಿತ್ತು. ಅದಕ್ಕೆ ಜೀವ ತುಂಬುವ ಭಾಗ ಸಂಸ್ಥೆಯೊಂದರ ಬಳಿ ಮಾತ್ರವಿತ್ತು. ಅಭಿಮಾನಿಗಳು ಅಳಿದುಳಿದುದನ್ನು ಕೂಡಿಸಿ, ಬೀದಿಗಳಲ್ಲಿ ಅಡ್ಡಾಡುವ ಮಟ್ಟಿಗೆ ಆ ನಗರವನ್ನು ಪುನಃ ಎಬ್ಬಿಸಿದ್ದಾರೆ. ದೇಹ ಎದ್ದಿತು, ಪ್ರಾಣ ಮರಳಲಿಲ್ಲ.

ನಮ್ಮ ವಚನಗಳ ಗತಿ ಹೀಗಾಗದಿದ್ದುದು ಹೇಗೆ? ಕಲ್ಯಾಣ ಚದುರಿದರೂ ಅವು ಒಬ್ಬನ ಬೀಗದೊಳಗಿರಲಿಲ್ಲ. ಮಠಮಠಗಳಲ್ಲಿ, ಮನೆಮನೆಗಳಲ್ಲಿ ಓಲೆಗರಿಗಳ ಪ್ರತಿಗಳಿದ್ದವು. ಅಂತೆಯೇ ಫ. ಗು. ಹಳಕಟ್ಟಿಯವರು ಅವನ್ನು ಅರಸಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಲು ಸಾಧ್ಯವಾಯಿತು. ಹೆಸರಿಲ್ಲದ ಲಿಪಿಕಾರರ ದಾಸೋಹ ಅದು.

ಇಂದು ಶಾಲೆಗಳ ಪಾಠಗಳು, ಉತ್ಸವದ ಚಿತ್ರಗಳು, ಮಕ್ಕಳ ಬರಹಗಳು ಯಾವುದೋ ದೂರದ ಸಂಸ್ಥೆಯ ಉಗ್ರಾಣದಲ್ಲಿ ತುಂಬಿಕೊಳ್ಳುತ್ತಿವೆ. ಆ ಬಾಗಿಲು ಮುಚ್ಚುವ ದಿನ ನಮ್ಮನ್ನು ಕೇಳಿ ಬರುವುದಿಲ್ಲ. ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ ನನ್ನ ವಿನಂತಿ ಇಷ್ಟೆ: ಮಕ್ಕಳ ಆಟವನ್ನು ಹಳಿಯುವ ಮುನ್ನ ನಮ್ಮ ಕಪಾಟನ್ನು ನೋಡಿಕೊಳ್ಳೋಣ. ಉಳಿಯಬೇಕಾದುದರ ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿ, ಒಂದು ಪ್ರತಿ ಶ್ರೀಮಠದಲ್ಲಿ, ಮತ್ತೊಂದು ಊರಾಚೆಯ ಶಿಷ್ಯನೊಬ್ಬನ ಮನೆಯಲ್ಲಿ ಇರಲಿ. ದಾನಿಗಳು ಕಟ್ಟಡಕ್ಕೆ ಕೊಡುವ ಧನದಲ್ಲಿ ಒಂದಂಶ ಈ ಪ್ರತಿಗಳಿಗೂ ಸಲ್ಲಲಿ.